ನಕಲಿಗೆ ಸಹಿ ಹಾಕುವವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಗಾದರೂ ಹೋಗಿ ದಾಖಲೆಯ ನಕಲು ಪಡೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ನಕಲು ಎಂದರೆ ಬರೀ ಕಾಗದವಲ್ಲ. ಅದರ ಹಿಂದೆ ಮೂಲ ದಾಖಲೆ ಇರಬೇಕು. ಅದರ ಮೇಲೆ ಹೊಣೆ ಹೊತ್ತವರ ಸಹಿಯೋ ಮೊಹರೋ ಇರಬೇಕು. ಇವೆರಡೂ ಇಲ್ಲದ ಕಾಗದದಲ್ಲಿ ಅಕ್ಷರಕ್ಕೆ ಅಕ್ಷರ ಸರಿಯಾಗಿದ್ದರೂ ಅದಕ್ಕೆ ಬೆಲೆ ಇಲ್ಲ.

ಈಗ ಒಂದು ಪ್ರಶ್ನೆ. ಪಹಣಿಯ ಬದಲು ಮನುಷ್ಯನದೇ ನಕಲು ತೆಗೆಯುವಂತಾದರೆ? ಅವನ ಮುಖ, ಅವನ ಧ್ವನಿ, ಕೊನೆಗೆ ಅವನ ಮನಸ್ಸು – ಇವುಗಳ ನಕಲನ್ನು ಯಂತ್ರದಲ್ಲಿ ಇಟ್ಟರೆ, ಆ ನಕಲಿನ ಹಿಂದಿನ ಮೂಲ ಯಾವುದು, ಸಹಿ ಯಾರದು?

ವಿಜ್ಞಾನ ಕಥೆಗಳನ್ನು ಮಕ್ಕಳ ಓದು ಎಂದು ಪಕ್ಕಕ್ಕಿಡುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಕಾನೂನು ಪಂಡಿತರಲ್ಲ, ಕಥೆಗಾರರು. ಬುದ್ಧಿಯುಳ್ಳ ಯಂತ್ರ, ನಿಜದಂತೆ ತೋರುವ ಹುಸಿ ಲೋಕ, ನಕಲು ಮಾಡಿದ ಮನಸ್ಸು – ಈ ಮೂರು ಬಗೆಯ ಕಥೆಗಳು ಏನು ಹೇಳುತ್ತವೆ, ಅವುಗಳಲ್ಲಿ ಎಷ್ಟು ನಿಜವಾಗಿದೆ, ನಮಗೂ ಅವಕ್ಕೂ ಏನು ಸಂಬಂಧ ಎಂಬುದನ್ನು ಒಂದೊಂದಾಗಿ ನೋಡೋಣ.

ಮಾತಾಡುವ ಯಂತ್ರ

'ರೋಬಾಟ್' ಎಂಬ ಪದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ನಾಟಕದಲ್ಲಿ. ಜೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಲ್ಲಿ ಈ ಹೆಸರು ಬರುತ್ತದೆ. ಜೆಕ್ ಭಾಷೆಯಲ್ಲಿ ಬಿಟ್ಟಿ ದುಡಿಮೆಗೆ ಇರುವ ಶಬ್ದವೇ ಅದರ ಬೇರು. ದುಡಿಸಿಕೊಳ್ಳಲೆಂದು ಮಾಡಿದ ಕೃತಕ ಮನುಷ್ಯರು ಕೊನೆಗೆ ಒಡೆಯರ ಮೇಲೆಯೇ ತಿರುಗಿ ಬೀಳುತ್ತಾರೆ. ಬಿಟ್ಟಿ ಚಾಕರಿ ಎಂದರೇನೆಂದು ಬಲ್ಲ ನಮ್ಮ ಹಳ್ಳಿಗಳಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲೂ ಇಂಥ ಕಥೆಗಳು ಬಂದಿವೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರು 1986ರಲ್ಲಿ ಮರಾಠಿಯಲ್ಲಿ ಬರೆದ ವಾಮನನ ಹೆಸರಿನ ಕಾದಂಬರಿಯಲ್ಲಿ ಒಂದು ಯಂತ್ರಮಾನವ ತನ್ನಂಥದೇ ಇನ್ನಷ್ಟು ಯಂತ್ರಗಳನ್ನು ಮಾಡಿಕೊಳ್ಳಲು ಹವಣಿಸುತ್ತದೆ. ಮೊದಲು ಮೂರು ಹೆಜ್ಜೆ ಜಾಗ ಕೇಳಿ ಆಮೇಲೆ ಮೂರು ಲೋಕ ಅಳೆದ ವಾಮನನ ಹೆಸರು ಅದಕ್ಕೆ ಎಷ್ಟು ಹೊಂದುತ್ತದೆ ನೋಡಿ. ಕನ್ನಡದಲ್ಲಿ 2002ರಲ್ಲಿ ತೆರೆಕಂಡ, ದಿನೇಶ್ ಬಾಬು ನಿರ್ದೇಶಿಸಿ ಉಪೇಂದ್ರ ನಟಿಸಿದ 'ಹಾಲಿವುಡ್' ಚಿತ್ರದಲ್ಲಿ ಮನುಷ್ಯನಂತೆಯೇ ಕಾಣುವ ಯಂತ್ರಮಾನವ ಪ್ರೀತಿಯಲ್ಲಿ ಬೀಳುತ್ತದೆ. ಇದೇ ಬಗೆಯ ತಮಿಳಿನ 'ಎಂದಿರನ್' ಬಂದದ್ದು 2010ರಲ್ಲಿ, ಎಂಟು ವರ್ಷಗಳ ನಂತರ.

ಇದು ಕಥೆಯಾಯಿತು. ಇಂದು ನಿಜವಾಗಿ ಮಾತಾಡುತ್ತಿರುವ ಯಂತ್ರಗಳ ಒಳಗೆ ಏನು ನಡೆಯುತ್ತದೆ? ಒಂದು ಚಿಕ್ಕ ಪ್ರಯೋಗ ಮಾಡಿ. "ಕೈ ಕೆಸರಾದರೆ" ಎಂದು ಯಾರಾದರೂ ಅಂದರೆ ನಿಮ್ಮ ಬಾಯಲ್ಲಿ ತಾನಾಗಿ ಬರುವುದು "ಬಾಯಿ ಮೊಸರು". ನೀವು ಆ ಕ್ಷಣ ಕೆಸರನ್ನೂ ನೆನೆಯಲಿಲ್ಲ, ಮೊಸರನ್ನೂ ನೆನೆಯಲಿಲ್ಲ. ಕೇಳಿ ಕೇಳಿ ರೂಢಿಯಾದ ಮಾತು ತಾನೇ ಮುಂದುವರಿಯಿತು. 2022ರ ನವೆಂಬರಿನಲ್ಲಿ ಜನರ ಕೈಗೆ ಬಂದ 'ಚಾಟ್‌ಜಿಪಿಟಿ'ಯಂಥ ಯಂತ್ರಗಳ ಮೂಲ ತಂತ್ರ ಇದೇ. ಅಪಾರ ಪ್ರಮಾಣದ ಬರಹವನ್ನು ಅವುಗಳಿಗೆ ಉಣಿಸಿರುತ್ತಾರೆ. ಇಷ್ಟು ಮಾತು ಬಂದ ಮೇಲೆ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಯಂತ್ರ ಒಂದೊಂದೇ ತುಣುಕನ್ನು ಜೋಡಿಸುತ್ತ ಹೋಗುತ್ತದೆ. ಈ ಲೆಕ್ಕ ಎಷ್ಟು ಸೂಕ್ಷ್ಮವಾಗಿದೆ ಎಂದರೆ ಪತ್ರ, ಪ್ರಬಂಧ, ಗಣಿತದ ಉತ್ತರ ಎಲ್ಲವೂ ಅದರಿಂದ ಹೊರಡುತ್ತವೆ. ತಪ್ಪು ಮಾತು ಕೂಡ ಅಷ್ಟೇ ನಯವಾಗಿ ಹೊರಡುತ್ತದೆ.

ಎದುರಿಗಿರುವುದು ಯಂತ್ರವೆಂದು ಗೊತ್ತಿದ್ದೂ ನಾವು ಅದಕ್ಕೆ ಮನಸ್ಸಿದೆ ಎಂದು ಭಾವಿಸುವುದೇಕೆ? ಅಮೆರಿಕದ ಜೋಸೆಫ್ ವೈಜನ್‌ಬಾಮ್ 1966ರಲ್ಲಿ 'ಎಲಿಜಾ' ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ಮಾಡುತ್ತಿದ್ದುದು ಬಹಳ ಸರಳ ಕೆಲಸ. ನೀವು ಹೇಳಿದ ಮಾತನ್ನೇ ತಿರುಗಿಸಿ ನಿಮಗೇ ಪ್ರಶ್ನೆಯಾಗಿ ಕೊಡುತ್ತಿತ್ತು. ಹಾಗಿದ್ದರೂ ಅದರೊಂದಿಗೆ ಮಾತಾಡುತ್ತಿದ್ದ ಅವರ ಕಾರ್ಯದರ್ಶಿ, ತಮ್ಮ ಖಾಸಗಿ ಮಾತು ನಡೆಯುವಾಗ ಅವರನ್ನೇ ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿದರಂತೆ. ಮಾತಿಗೆ ಮಾತು ಬಂದರೆ ಎದುರಿಗೆ ಜೀವ ಇದೆ ಎಂದು ನಂಬುವುದು ಮನುಷ್ಯನ ಸ್ವಭಾವ. ಕಥೆಗಾರರು ಹಿಡಿದದ್ದು ಈ ಸ್ವಭಾವವನ್ನು.

ದೂರದರ್ಶನದ ವೀಕ್ಷಕರಾದ ನಿಮಗೆ ಇದು ದೂರದ ಮಾತಲ್ಲ. 2024ರ ಮೇ 26ರಂದು ಡಿಡಿ ಕಿಸಾನ್ ವಾಹಿನಿ 'ಎಐ ಕೃಷ್', 'ಎಐ ಭೂಮಿ' ಎಂಬ ಇಬ್ಬರು ಕೃತಕ ನಿರೂಪಕರನ್ನು ತೆರೆಗೆ ತಂದಿತು. ದೇಶ ವಿದೇಶಗಳ ಐವತ್ತು ಭಾಷೆಗಳಲ್ಲಿ ಅವರು ಮಾತಾಡಬಲ್ಲರು ಎಂದು ಪ್ರಕಟಣೆ ಹೇಳಿತು. ಮಳೆ, ಮಾರುಕಟ್ಟೆ ದರದ ಸುದ್ದಿ ಓದುವ ಆ ಮುಖಗಳಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಮಳೆ ಬಾರದಿದ್ದರೆ ಚಿಂತೆಯೂ ಇಲ್ಲ. ಸುದ್ದಿ ತಪ್ಪಾದರೆ ಉತ್ತರ ಕೊಡಬೇಕಾದವರು ವಾಹಿನಿಯ ಮನುಷ್ಯರೇ ಹೊರತು ಕೃಷ್, ಭೂಮಿ ಅಲ್ಲ.

ತೋರಿಕೆಯ ಲೋಕ

ಎರಡನೆಯ ಬಗೆಯ ಕಥೆಗಳಲ್ಲಿ ನಕಲಾಗುವುದು ಲೋಕ. ವರ್ಚುವಲ್ ರಿಯಾಲಿಟಿ ಎನ್ನುವ ಈ ತಂತ್ರದ ಹಿಂದಿನ ಯುಕ್ತಿ ಸುಲಭವಾಗಿಯೇ ಇದೆ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಮಿದುಳು ಎರಡನ್ನೂ ಕೂಡಿಸಿ ದೂರ, ಆಳಗಳ ಅಂದಾಜು ಮಾಡುತ್ತದೆ. ಕನ್ನಡಕದಂಥ ಸಾಧನದಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ, ತಲೆ ತಿರುಗಿಸಿದಂತೆ ಚಿತ್ರವನ್ನೂ ತಕ್ಷಣ ತಿರುಗಿಸಿದರೆ, ಆ ಲೋಕದ ಒಳಗೇ ಇದ್ದೇವೆ ಎಂದು ಮಿದುಳು ನಂಬುತ್ತದೆ. ಚಿತ್ರ ತಿರುಗುವುದು ಸೆಕೆಂಡಿನ ಸ್ವಲ್ಪ ಭಾಗ ತಡವಾದರೂ ಹೊಟ್ಟೆ ತೊಳಸಿದಂತಾಗುತ್ತದೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಮಾಡಿದ ಮೊದಲ ಸಾಧನ ಎಷ್ಟು ಭಾರವಿತ್ತೆಂದರೆ ಅದನ್ನು ಚಾವಣಿಗೆ ತೂಗುಹಾಕಬೇಕಾಯಿತು.

ಇಂಥ ಕನ್ನಡಕ ಹಾಕಿಕೊಂಡು ಮನೆಯಲ್ಲೇ ಕುಳಿತು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಬಹುದು. ಕೋಟೆಯ ಬಾಗಿಲು ಕಾಣುತ್ತದೆ, ಕೆಳಗೆ ಊರು ಕಾಣುತ್ತದೆ. ಆದರೆ ಮೊಣಕಾಲು ನೋಯುವುದಿಲ್ಲ, ಬಂಡೆಯ ಕಾವು ಅಂಗಾಲಿಗೆ ತಗಲುವುದಿಲ್ಲ, ಕಂಬಿ ಬಿಟ್ಟರೆ ಜಾರುವ ಭಯವೂ ಇಲ್ಲ. ಹತ್ತಲಾಗದ ವೃದ್ಧರಿಗೆ ಇದೊಂದು ವರವೇ ಸರಿ. ಹತ್ತಬಲ್ಲ ಹುಡುಗ ಇದನ್ನೇ ಸಾಕೆಂದುಕೊಂಡರೆ ನಷ್ಟ ಬೆಟ್ಟಕ್ಕಲ್ಲ.

ಈ ಎರಡನೆಯ ಅಪಾಯವನ್ನು ಕನ್ನಡದಲ್ಲಿ ಮನಮುಟ್ಟುವಂತೆ ತೋರಿಸಿದ್ದು ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ'. ಜನರಿಂದಲೇ ಹಣ ಕೂಡಿಸಿ ಮಾಡಿದ ಈ ಚಿತ್ರ 2013ರಲ್ಲಿ ಬಂತು. ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗನಿಗೆ ನಿದ್ದೆ ಬರುವುದಿಲ್ಲ. ಒಂದು ಮಾತ್ರೆ ನುಂಗಿದರೆ ನಿದ್ದೆಯಷ್ಟೇ ಅಲ್ಲ, ಬೇಕಾದ ಕನಸೂ ಬರುತ್ತದೆ, ದಿನದಿನವೂ ಮುಂದುವರಿಯುತ್ತದೆ. ಕನಸಿನಲ್ಲಿ ಅವನು ಸಿನಿಮಾ ನಟ. ಯಾವುದು ನಿಜ, ಯಾವುದು ಕನಸು ಎಂಬ ನಮ್ಮ ಲೆಕ್ಕ ಕೊನೆಯಲ್ಲಿ ತಿರುಗುಮುರುಗಾಗುತ್ತದೆ. ಇಲ್ಲಿ ಕಂಪ್ಯೂಟರ್ ಇಲ್ಲ, ಕನ್ನಡಕವೂ ಇಲ್ಲ. ಆದರೂ ಇದು ಹುಸಿ ಲೋಕದ ಕಥೆಯೇ. ಸುಖ ಸಿಗುವ ಕಡೆಗೆ ಮನಸ್ಸು ವಾಸ ಬದಲಿಸುತ್ತದೆ ಎಂಬುದೇ ಇದರ ತಿರುಳು.

ಮನಸ್ಸಿನ ನಕಲು

ಮೂರನೆಯದು ಎಲ್ಲಕ್ಕಿಂತ ಜಟಿಲವಾದದ್ದು. ಮನುಷ್ಯನ ಮನಸ್ಸನ್ನೇ ಯಂತ್ರಕ್ಕೆ ಇಳಿಸುವುದು. ಕೊರಟಗೆರೆಯ ಸಿದ್ಧರಬೆಟ್ಟದ ಸುತ್ತಮುತ್ತ ಬೆಳೆದವರು ಸಿದ್ಧರ ಕಥೆಗಳನ್ನು ಕೇಳಿಯೇ ಇರುತ್ತೀರಿ. ಸಿದ್ಧರ ಮಾತು ಬಂದಲ್ಲಿ ಪರಕಾಯ ಪ್ರವೇಶದ ಮಾತೂ ಬರುತ್ತದೆ. ಶಂಕರಾಚಾರ್ಯರು ಅಮರುಕ ರಾಜನ ಶರೀರ ಹೊಕ್ಕ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಕಥೆಯಲ್ಲಿ ಒಂದು ವಿವರ ಗಮನಿಸಿ. ಶಿಷ್ಯರು ಗುರುವಿನ ಮೂಲ ದೇಹವನ್ನು ಕಾಯುತ್ತಿದ್ದರು. ಒಂದು ದೇಹ ಬರಿದಾದಾಗ ಇನ್ನೊಂದು ತುಂಬುತ್ತದೆ. ಜೀವ ಒಂದೇ, ಹೊಣೆಯೂ ಒಬ್ಬರದೇ.

ನಕಲಿನ ಸಂಗತಿ ಹಾಗಲ್ಲ. ನಕಲಾದ ಮೇಲೂ ಮೂಲ ಅಲ್ಲಿಯೇ ಇರುತ್ತದೆ. ಇಬ್ಬರಿಗೂ ಒಂದೇ ನೆನಪು, ಇಬ್ಬರೂ "ನಾನೇ ನಾನು" ಎನ್ನುವವರು. ಆಗ ಹೊಲ ಯಾರ ಹೆಸರಿಗೆ? ಹೆಂಡತಿ ಮಕ್ಕಳು ಯಾರನ್ನು ಕೂಗಬೇಕು? ಮಾಡಿದ ಸಾಲ ತೀರಿಸುವವರು ಯಾರು? ಗಿರೀಶ ಕಾರ್ನಾಡರ 'ಹಯವದನ' (1971) ಇದರ ಸಮೀಪಕ್ಕೆ ಬರುತ್ತದೆ. ಇಬ್ಬರು ಗೆಳೆಯರ ತಲೆಗಳು ಅದಲುಬದಲಾದಾಗ ಪದ್ಮಿನಿಯ ಗಂಡ ಯಾರು ಎಂಬ ಪ್ರಶ್ನೆಗೆ, ಬೇತಾಳನ ಕಥೆಯಲ್ಲಿನಂತೆ, ತಲೆ ಇದ್ದವನೇ ಎಂಬ ತೀರ್ಪು ಸಿಗುತ್ತದೆ. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ದೇಹಕ್ಕೂ ತನ್ನದೇ ನೆನಪಿದೆ ಎಂದು ಅದು ತೋರಿಸುತ್ತದೆ.

ಪಶ್ಚಿಮದ ಕಥೆಗಾರರು ಇನ್ನೂ ಮುಂದೆ ಹೋದರು. ವಿಲಿಯಂ ಗಿಬ್ಸನ್ ಅವರ 'ನ್ಯೂರೋಮ್ಯಾನ್ಸರ್' (1984) ಕಾದಂಬರಿಯಲ್ಲಿ ಸತ್ತುಹೋದ ಒಬ್ಬ ಕಂಪ್ಯೂಟರ್ ಕಳ್ಳನ ಬುದ್ಧಿಯನ್ನು ಯಂತ್ರದಲ್ಲಿ ಉಳಿಸಿ ಅದರಿಂದ ಕೆಲಸ ಮಾಡಿಸುತ್ತಾರೆ. ಕೆಲಸ ಮುಗಿದ ಮೇಲೆ ತನ್ನನ್ನು ಅಳಿಸಿಬಿಡಿ ಎಂದಷ್ಟೇ ಅದು ಕೇಳಿಕೊಳ್ಳುವುದು. ಗ್ರೆಗ್ ಈಗನ್ ಅವರ 'ಪರ್ಮ್ಯುಟೇಷನ್ ಸಿಟಿ'ಯಲ್ಲಿ (1994) ಹಣವಂತರ ನಕಲುಗಳು ವೇಗವಾಗಿ ಬಾಳುತ್ತವೆ, ಹಣವಿಲ್ಲದವರವು ನಿಧಾನವಾಗಿ ತೆವಳುತ್ತವೆ. ಯಂತ್ರದ ಸಮಯಕ್ಕೆ ಬೆಲೆ ಕೊಡಬೇಕಲ್ಲ! ಸಾವಿನ ಆಚೆಗೂ ಬಡವ ಬಲ್ಲಿದ ಭೇದ ತಪ್ಪಲಿಲ್ಲ.

ಇದು ನಿಜವಾಗಿ ಆದೀತೇ? ವಿಜ್ಞಾನ ಎಲ್ಲಿಗೆ ಬಂದಿದೆ ನೋಡಿ. ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ 302 ನರಕೋಶಗಳಿವೆ. ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬ ನಕ್ಷೆ 1986ರಲ್ಲಿ ಪ್ರಕಟವಾಯಿತು. 2024ರಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಸಿದ್ಧವಾಯಿತು. ಅದರಲ್ಲಿ ಸುಮಾರು 1.4 ಲಕ್ಷ ನರಕೋಶಗಳು, 5 ಕೋಟಿಗೂ ಹೆಚ್ಚು ಜೋಡಣೆಗಳು. ಮನುಷ್ಯನ ಮಿದುಳಿನಲ್ಲಿ ಇರುವುದು ಸುಮಾರು 8,600 ಕೋಟಿ ನರಕೋಶಗಳು. ಆ ಪುಟ್ಟ ಹುಳುವಿನ ನಕ್ಷೆ ಕೈಗೆ ಬಂದು ನಾಲ್ಕು ದಶಕಗಳಾದರೂ ಅದರ ಬಾಳನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಮರಳಿ ನಡೆಸಲು ಆಗಿಲ್ಲ. ನಕ್ಷೆ ಬೇರೆ, ನಡೆ ಬೇರೆ. ಊರಿನ ನಕ್ಷೆ ನೋಡಿದರೆ ಬೀದಿ ತಿಳಿಯುತ್ತದೆ. ಯಾರ ಮನೆಗೂ ಯಾರ ಮನೆಗೂ ಮಾತಿಲ್ಲ ಎಂಬುದು ತಿಳಿಯುವುದಿಲ್ಲ.

ಶಿರಾ ಸೀಮೆಯವರಿಗೆ ಇನ್ನೊಂದು ಉದಾಹರಣೆ ಹತ್ತಿರವಾದೀತು. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ಉದ್ದನೆಯ ಕೊಳಲು ನುಡಿಸುತ್ತ ಹಾಡುವವರ ನೆನಪಿನಲ್ಲಿ ಅದೆಷ್ಟು ಸಾಲುಗಳು! ಅವರ ಹಾಡನ್ನು ಧ್ವನಿಮುದ್ರಿಸಬಹುದು. ಆದರೆ ಮುಂದೆ ಕುಳಿತವರ ಮುಖ ನೋಡಿ ಒಂದು ಘಟನೆಯನ್ನು ಹಿಗ್ಗಿಸುವುದು, ಇನ್ನೊಂದನ್ನು ಕುಗ್ಗಿಸುವುದು, ಅಳುವವರ ಮುಂದೆ ದನಿ ತಗ್ಗಿಸುವುದು – ಈ ವಿವೇಕ ಆ ಮುದ್ರಣದಲ್ಲಿ ಸಿಕ್ಕುವುದಿಲ್ಲ. ಹಾಡು ಸಿಕ್ಕಿತು, ಹಾಡುವ ಮನಸ್ಸು ಸಿಕ್ಕಲಿಲ್ಲ.

ಶಕ್ತಿಯ ಲೆಕ್ಕವನ್ನೂ ಒಮ್ಮೆ ನೋಡೋಣ. ನಮ್ಮ ಮಿದುಳು ಬಳಸುವುದು ಸುಮಾರು 20 ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು. ಪಾವಗಡದ ಸೌರ ವಿದ್ಯುತ್ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಬಿರುಬಿಸಿಲಿನಲ್ಲಿ ಅದು ಪೂರ್ತಿ ಕೊಡುವ ವಿದ್ಯುತ್ತು ಸುಮಾರು 10 ಕೋಟಿ ಮಿದುಳುಗಳಿಗೆ ಸಾಕು. ಅದೇ ಅಮೆರಿಕದ 'ಫ್ರಾಂಟಿಯರ್' ಎಂಬ ಒಂದು ಮಹಾಗಣಕ 20 ಮೆಗಾವ್ಯಾಟ್ ದಾಟುತ್ತದೆ, ಅಂದರೆ ಸುಮಾರು 10 ಲಕ್ಷ ಮಿದುಳುಗಳ ಪಾಲನ್ನು ತಾನೊಂದೇ ನುಂಗುತ್ತದೆ. ರಾಗಿ ಮುದ್ದೆಯ ಬಲದಲ್ಲಿ ನಡೆಯುವ ಈ ಮಿದುಳು ಎಷ್ಟು ಮಿತವ್ಯಯಿ ಎಂಬುದು ಇದರಿಂದ ತಿಳಿಯುತ್ತದೆ.

ಮುಖವೂ ಬಂತು, ಧ್ವನಿಯೂ ಬಂತು

ಹಾಗಾದರೆ ನಿಶ್ಚಿಂತೆಯಾಗಿರಬಹುದೇ? ಇಲ್ಲ. ಮನಸ್ಸಿನ ನಕಲು ದೂರವಿರಬಹುದು, ಮುಖ ಮತ್ತು ಧ್ವನಿಯ ನಕಲು ನಮ್ಮ ಮನೆ ಬಾಗಿಲಿಗೇ ಬಂದಿದೆ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. 2016ರ 'ನಾಗರಹಾವು' ಚಿತ್ರದಲ್ಲಿ ಗ್ರಾಫಿಕ್ಸ್ ಮೂಲಕ ಅವರ ಮುಖವನ್ನು ಮತ್ತೆ ತೆರೆಗೆ ತಂದರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಅಗಲಿದಾಗ 'ಜೇಮ್ಸ್' ಚಿತ್ರಕ್ಕೆ ಅವರ ಧ್ವನಿ ಕೊಡುವ ಕೆಲಸ ಬಾಕಿಯಿತ್ತು. 2022ರ ಮಾರ್ಚ್ 17ರಂದು ಚಿತ್ರ ಬಿಡುಗಡೆಯಾದಾಗ ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ಧ್ವನಿ ಕೊಟ್ಟಿದ್ದರು. ಮರುತಿಂಗಳು ತಂತ್ರಜ್ಞಾನದಿಂದ ರೂಪಿಸಿದ ಪುನೀತರ ಧ್ವನಿಯಲ್ಲೇ ಚಿತ್ರ ಮತ್ತೆ ತೆರೆ ಕಂಡಿತು.

ಎರಡನ್ನೂ ಹೋಲಿಸಿ ನೋಡಿ. ಅಣ್ಣನ ಧ್ವನಿ ತಮ್ಮನದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದರ ಹಿಂದೆ ಒಬ್ಬ ಮನುಷ್ಯ ನಿಂತಿದ್ದ. ಯಂತ್ರದ ಧ್ವನಿ ಪುನೀತರದೇ ಎನ್ನುವಂತಿತ್ತು. ಆದರೆ ಆ ಚಿತ್ರಕ್ಕೆ ಧ್ವನಿ ಕೊಡುವ ಕೆಲಸವನ್ನು ಪುನೀತ್ ಮುಗಿಸಿರಲಿಲ್ಲ. ಇಲ್ಲಿ ಪ್ರೀತಿಯಿಂದ ಮಾಡಿದ ಕೆಲಸ ಅದು, ಎಲ್ಲರಿಗೂ ತಿಳಿಸಿಯೇ ಮಾಡಿದ್ದು. ಪ್ರೀತಿಯಿಲ್ಲದವರ ಕೈಗೆ, ತಿಳಿಸದೆ ಮಾಡುವವರ ಕೈಗೆ ಇದೇ ತಂತ್ರ ಸಿಕ್ಕರೆ?

ಕಾರ್ನಾಡರ 'ಒಡಕಲು ಬಿಂಬ' 2005ರಲ್ಲಿ ರಂಗಕ್ಕೆ ಬಂತು. ಟೆಲಿವಿಷನ್ ಸ್ಟುಡಿಯೋದಲ್ಲಿ ಭಾಷಣ ಮುಗಿಸಿದ ಲೇಖಕಿಯನ್ನು ಪರದೆಯ ಮೇಲಿನ ಅವಳದೇ ಬಿಂಬ ನಿಲ್ಲಿಸಿ ಪ್ರಶ್ನೆ ಕೇಳತೊಡಗುತ್ತದೆ. ಅವಳಿಗೆ ಹೆಸರು ತಂದ ಕೃತಿಯ ಹಿಂದಿನ ಸತ್ಯ ಹೊರಬೀಳುವವರೆಗೂ ಬಿಡುವುದಿಲ್ಲ. ನಾಟಕದಲ್ಲಿ ಬಿಂಬ ಸತ್ಯ ಹೇಳಿಸಿತು. ನಮ್ಮ ಕಾಲದ ಬಿಂಬಗಳು ಸುಳ್ಳು ಹೇಳಲು ಕಲಿತಿವೆ.

ಬೆಂಗಳೂರಿನಲ್ಲಿ ದುಡಿಯುವ ಮಗನ ಧ್ವನಿಯಲ್ಲಿ ರಾತ್ರಿ ಫೋನು ಬರುತ್ತದೆ: "ಅಪ್ಪಾ, ಆಕ್ಸಿಡೆಂಟ್ ಆಗಿದೆ, ಅರ್ಜೆಂಟಾಗಿ ದುಡ್ಡು ಹಾಕಪ್ಪಾ." ಧ್ವನಿ ಮಗನದೇ. ಅಳುವ ರೀತಿಯೂ ಅವನದೇ. ಫೋನಿನಲ್ಲಿ ಹಂಚಿಕೊಂಡ ಯಾವುದೋ ಒಂದು ತುಣುಕಿನಿಂದ ಇಂಥ ಧ್ವನಿಯನ್ನು ಕೂಡಿಸಿ ಕರೆಮಾಡುವ ವಂಚಕರು ಈಗ ಇದ್ದಾರೆ. ಹೀಗಾದಾಗ ಮಾಡಬೇಕಾದದ್ದು ಇಷ್ಟು: ಫೋನು ಇಡಿ. ನಿಮ್ಮಲ್ಲಿರುವ ಮಗನ ನಂಬರಿಗೆ ನೀವೇ ತಿರುಗಿ ಮಾಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಂಡು ಅದನ್ನು ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಈಗ ಕಿವಿಗೂ ಅನ್ವಯ.

ಗುತ್ತಿಗೆಗೆ ಕೊಟ್ಟರೂ ಖಾತೆ ನಮ್ಮದೇ

ಹಾಗೆಂದು ಈ ತಂತ್ರವನ್ನೆಲ್ಲ ದೂರವಿಡಬೇಕೆಂದಲ್ಲ. ದಾರಿ ಯಾವುದೆಂದು ಪಾವಗಡದ ರೈತರೇ ತೋರಿಸಿದ್ದಾರೆ. ಸೌರ ಉದ್ಯಾನಕ್ಕಾಗಿ ತಿರುಮಣಿ, ವಳ್ಳೂರು ಮೊದಲಾದ ಕಡೆ ಸುಮಾರು 13,000 ಎಕರೆ ಬೇಕಾಯಿತು. ರೈತರು ಭೂಮಿಯನ್ನು ಮಾರಲಿಲ್ಲ. ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭವಾಯಿತು. ಭೂಮಿಯ ಮೇಲೆ ಗಾಜಿನ ಫಲಕ ಬಂದರೂ ಒಡೆತನ ರೈತರದೇ ಉಳಿಯಿತು. ಭೂಮಿಯಿಲ್ಲದೆ ಅಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೆ ಬಾಡಿಗೆಯ ಪಾಲು ಸಿಗಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಖಾತೆಯಲ್ಲಿ ಹೆಸರಿಲ್ಲದವರ ಕಷ್ಟ ಅದು.

ಮುಖ, ಧ್ವನಿ, ನೆನಪು ಇವಕ್ಕೂ ಈ ನ್ಯಾಯವೇ ಸಲ್ಲಬೇಕು. ಬೇಕಾದರೆ ಗುತ್ತಿಗೆಗೆ ಕೊಡಬಹುದು – ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಎಷ್ಟು ಪ್ರತಿಫಲಕ್ಕೆ ಎಂದು ಬರೆದುಕೊಂಡು. ಖಾತೆ ಮಾತ್ರ ಆ ಮನುಷ್ಯನ ಹೆಸರಿನಲ್ಲೇ ಇರಬೇಕು. ನ್ಯಾಯಾಲಯಗಳೂ ಈ ದಿಕ್ಕಿನಲ್ಲಿ ಯೋಚಿಸತೊಡಗಿವೆ. 2023ರಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಮುಖ, ಧ್ವನಿಗಳನ್ನು ಅನುಮತಿಯಿಲ್ಲದೆ ಲಾಭಕ್ಕಾಗಿ ನಕಲು ಮಾಡದಂತೆ ತಡೆಯಾಜ್ಞೆ ಕೊಟ್ಟಿತು. ಹೆಸರಾಂತ ನಟರಿಗೆ ವಕೀಲರಿದ್ದಾರೆ. ಹೆಸರಿಲ್ಲದ ಹಾಡುಗಾರ್ತಿಯ ಧ್ವನಿಗೆ ನಾವೇ ಕಾವಲು.

ಆದ್ದರಿಂದ ಒಂದು ಕೆಲಸವನ್ನು ಇಂದಿನಿಂದಲೇ ಮಾಡಬಹುದು. ನಿಮ್ಮ ಮನೆಯ ಹಿರಿಯರು ಹೇಳುವ ಕಥೆ, ಸೋಬಾನೆ ಪದ, ಬೀಸುವ ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮುದ್ರಿಸುವ ಮುನ್ನ ಅವರನ್ನು ಕೇಳಿ. ಮುದ್ರಣದ ಮೊದಲಿಗೆ ನಾಲ್ಕು ಸಂಗತಿ ಅವರ ಬಾಯಲ್ಲೇ ಬರಲಿ: ಯಾರ ಧ್ವನಿ, ಯಾವ ಊರು, ಯಾವ ದಿನ, ಇದನ್ನು ಯಾರು ಕೇಳಬಹುದು. ನಾಳೆ ಆ ಧ್ವನಿಯನ್ನು ಹೋಲುವ ನೂರು ಧ್ವನಿಗಳು ಬಂದಾವು. ಆಗ ಇದು ಮೂಲ ಎಂದು ಮೊಮ್ಮಕ್ಕಳು ತೋರಿಸಲು ಆ ನಾಲ್ಕು ಮಾತೇ ಸಹಿ, ಆ ನಾಲ್ಕು ಮಾತೇ ಮೊಹರು.